ಬಸ್ರೂರಿನ ಅಕ್ಕಿಯ ಜಾಡು ಹಿಡಿದು: ನನ್ನ ಸಂಪ್ರಬಂಧದ ಅನುಭವ

ಇತಿಹಾಸ ಎಂ.ಎ.ಗೆ ಕರಾವಳಿಯ ವ್ಯಾಪಾರದ ಮೇಲೆ ಸಂಪ್ರಬಂಧ ಬರೆಯುತ್ತೇನೆ ಅಂದಾಗ ಎಲ್ಲರೂ ಕಾಳುಮೆಣಸನ್ನೇ ಸೂಚಿಸಿದರು. ಗೇರುಸೊಪ್ಪೆಯ ‘ಮೆಣಸಿನ ರಾಣಿ’ ಚೆನ್ನಭೈರಾದೇವಿ ನನಗೂ ಅಚ್ಚುಮೆಚ್ಚು. ಆದರೆ ಪೋರ್ಚುಗೀಸರ ಕಾಲದ ಬರಹಗಳನ್ನು ಓದುತ್ತ ಹೋದಂತೆ ಕಣ್ಣಿಗೆ ಬಿದ್ದದ್ದು ಅಕ್ಕಿ. ಪೋರ್ಚುಗೀಸರ ಗೋವಾದವರ ಊಟಕ್ಕೆ ನಮ್ಮ ಕೆನರಾದ, ಅಂದರೆ ಕರ್ನಾಟಕ ಕರಾವಳಿಯ, ಅಕ್ಕಿ ಹೋಗಲೇಬೇಕಿತ್ತು. ಮೆಣಸು ಲಿಸ್ಬನ್ನಿಗೆ ಲಾಭ ತಂದಿರಬಹುದು, ಅಕ್ಕಿ ಬಾರದಿದ್ದರೆ ಗೋವಾದಲ್ಲಿ ಒಲೆ ಉರಿಯುತ್ತಿರಲಿಲ್ಲ. 1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನೂ ಕುಂದಾಪುರದ ಹತ್ತಿರದ ಬಸ್ರೂರನ್ನೂ ಹಿಡಿದದ್ದನ್ನು ಈ ಕಣ್ಣಿನಿಂದ ನೋಡಬೇಕು ಅನ್ನುವುದೇ ನನ್ನ ವಾದವಾಯಿತು.

ಮೊದಲು ಕೂತದ್ದು ಶಾಸನಗಳ ಮುಂದೆ. ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ ಏಳನೆಯದರಲ್ಲಿ ಬಾರಕೂರು, ಬಸ್ರೂರುಗಳ ಶಾಸನಗಳಿವೆ. ಸೆಟ್ಟಿಕಾರರು, ಹಂಜಮಾನದವರು ಎಂಬ ವರ್ತಕ ಸಂಘಗಳು, ಪಡುವಕೇರಿ, ಮೂಡುಕೇರಿ ಎಂಬ ಪೇಟೆಯ ಕೇರಿಗಳು, ಇವನ್ನೆಲ್ಲ ಓದಿಕೊಂಡು ಆಮೇಲೆ ಬಸ್ರೂರಿಗೆ ಹೋದೆ. ವಾರಾಹಿ ನದಿಯ ದಂಡೆಯಲ್ಲಿ ನಿಂತರೆ ಪೇಟೆ ಇಲ್ಲೇ ಯಾಕೆ ಬೆಳೆಯಿತು ಅನ್ನುವುದು ಪುಸ್ತಕದ ಹಂಗಿಲ್ಲದೆ ತಿಳಿಯುತ್ತದೆ: ಒಳನಾಡಿನ ಗದ್ದೆಗಳಿಂದ ದೋಣಿಯಲ್ಲೇ ಅಕ್ಕಿ ಇಳಿಸಬಹುದು, ಗಂಗೊಳ್ಳಿ ಅಳಿವೆ ದಾಟಿದರೆ ಕಡಲು.

ಆದರೆ ಅಕ್ಕಿ ಹೋಗುತ್ತಿದ್ದದ್ದು ಹೇಗೆ? ಸುಮಾರು 1516ರಲ್ಲಿ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ಈ ಬಂದರುಗಳ ಅಕ್ಕಿಯನ್ನು ತಳಿವಾರು ಹೆಸರಿಸಿ, ಅದನ್ನು ಹುಲ್ಲಿನಲ್ಲಿ ದುಂಡಗೆ ಕಟ್ಟುತ್ತಾರೆ ಎನ್ನುತ್ತಾನೆ. ಓದಿದೊಡನೆ ಕೂತಲ್ಲಿಂದ ಎದ್ದೆ. ಅದು ನಮ್ಮ ಕಡೆ ಬೈಹುಲ್ಲಿನಲ್ಲಿ ಅಕ್ಕಿ ಕಟ್ಟಿಡುವ ಮುಡಿಯಲ್ಲದೆ ಇನ್ನೇನು!

ಅಲ್ಲಿಂದ ಕೆಲಸ ಗ್ರಂಥಾಲಯ ಬಿಟ್ಟು ಮನೆಗಳ ಅಂಗಳಕ್ಕೆ ಬಂತು. ಮುಡಿ ಕಟ್ಟಬಲ್ಲ ಹಿರಿಯರೊಬ್ಬರು ಉದ್ದನೆಯ ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತುತ್ತ, ಮರದ ಕೊಡತಿಯಿಂದ ಬಡಿದು ಬಿಗಿಮಾಡುತ್ತ ತೋರಿಸಿದರು. ಗಿಡ್ಡ ತಳಿಗಳ ಹುಲ್ಲು ಇದಕ್ಕೆ ಸಾಲದು. ಕಟಾವು ಯಂತ್ರ ಬಂದ ಮೇಲೆ ಉದ್ದದ ಹುಲ್ಲೂ ಮುರಿದೇ ಸಿಗುತ್ತದೆ. ಅವರ ಮನೆಯ ಅಜ್ಜಿ ಪಕ್ಕದಲ್ಲೇ ಕೂತಿದ್ದವರು, “ಮಗಾ, ಬೆಳ್ತಿಗಿ ಅಕ್ಕಿಗೆ ಬೇಗ ಹುಳ ಹಿಡಿತ್ತ್, ಬೇಯ್ಸಿದ್ ಅಕ್ಕಿ ಹಾಂಗಲ್ಲ” ಅಂದರು. ಬೆಳ್ತಿಗಿ ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿ. ನನ್ನ ಮೂರನೇ ಅಧ್ಯಾಯ ನಿಂತಿರುವುದು ಅಜ್ಜಿಯ ಈ ಮಾತಿನ ಮೇಲೆ. ಭತ್ತ ಬೇಯಿಸಿ ಒಣಗಿಸಿದರೆ ಕಾಳು ಗಟ್ಟಿಯಾಗುತ್ತದೆ, ಕುಟ್ಟುವಾಗ ನುಚ್ಚು ಕಡಿಮೆ, ಬಹುಕಾಲ ಕೆಡುವುದಿಲ್ಲ. ಮಳೆಗಾಲದಲ್ಲಿ ಬಂದರು ಮುಚ್ಚಿರುತ್ತಿದ್ದ ಕರಾವಳಿಯಲ್ಲಿ, ಹಡಗು ಬರುವ ತನಕ ಕಾಯಬಲ್ಲ ಅಕ್ಕಿಗೇ ಬೆಲೆ.

ತುಂಬ ಹೊತ್ತು ತಿಂದದ್ದು ಅಳತೆ. ತೆಂಕಿಗೆ ಮುಡಿಗೆ 42 ಸೇರು ಅನ್ನುತ್ತಾರೆ, ನಮ್ಮ ಕುಂದಾಪುರದ ಕಡೆ ಹಾನೆ ಎಂಬ ಅಳತೆಯ ಲೆಕ್ಕ, ಗೇಣಿಗೆ ಅಳೆಯುವಾಗ ಇನ್ನೊಂದು. ಪೋರ್ಚುಗೀಸ್ ಕಡತಗಳಲ್ಲಿ ಅಕ್ಕಿಯ ಎಣಿಕೆ ‘ಫಾರ್ದು’ಗಳಲ್ಲಿ, ಅಂದರೆ ಕಟ್ಟುಗಳಲ್ಲಿ. ಇವನ್ನೆಲ್ಲ ಒಂದೇ ಕಿಲೋಗ್ರಾಂ ಪಟ್ಟಿಗೆ ಇಳಿಸಲು ನಾನು ಒಪ್ಪಲಿಲ್ಲ. ಯಾವ ಊರು, ಯಾವ ಕಾಲ, ಯಾರ ಅಳತೆ ಎಂದು ಪ್ರತಿ ಅಂಕಿಯ ಪಕ್ಕ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಪ್ರಶ್ನೆ ಬಂದದ್ದೂ ಅದರ ಮೇಲೆಯೇ, ನಾನು ಸಂತೋಷದಿಂದ ಉತ್ತರಿಸಿದ್ದೂ ಅದಕ್ಕೇ.

1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಪೋರ್ಚುಗೀಸರನ್ನು ಹೊನ್ನಾವರ, ಬಸ್ರೂರುಗಳ ಕೋಟೆಗಳಿಂದ ಹೊರಗೆ ಹಾಕಿದ; ನನ್ನ ಸಂಪ್ರಬಂಧ ಅಲ್ಲಿಗೆ ನಿಲ್ಲುತ್ತದೆ. ಈ ದಾರಿಯಲ್ಲಿ ಬರುವ ವಿದ್ಯಾರ್ಥಿಗಳು ಮೊದಲು ಹಳೆಯ ಮನೆಗಳ ಗೇಣಿ ಚೀಟಿ, ಲೆಕ್ಕದ ಪುಸ್ತಕಗಳ ಫೋಟೊ ತೆಗೆದಿಟ್ಟುಕೊಳ್ಳಿ. ಅಟ್ಟದ ಮೇಲೆ ಗೆದ್ದಲು ಅವನ್ನು ತಿನ್ನುತ್ತಿದೆ, ಆ ಅಳತೆಗಳನ್ನು ಓದಿ ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ.