ಎರಡು ವಾಕ್ಯಕ್ಕೆ ಒಂದೇ ಕೊಂಡಿ: ಇಂಗ್ಲಿಷ್ ಕಂಜಂಕ್ಷನ್ ಬಳಸುವುದು ಹೇಗೆ?

ಶಾಲೆಯ ರಜಾ ಚೀಟಿ ನೆನಪಿದೆಯಾ? 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕೆನಾಟ್ ಅಟೆಂಡ್ ದ ಕ್ಲಾಸ್.' ಎಷ್ಟೋ ಮಕ್ಕಳು ಇದನ್ನೇ ಬರೆದು ರಜೆ ಪಡೆದಿದ್ದಾರೆ. ದೊಡ್ಡವರಾದ ಮೇಲೆ ಆಫೀಸಿನ ಮೇಲ್‌ನಲ್ಲೂ ಹಾಗೇ ಬರೆಯುತ್ತಾರೆ. ಅರ್ಥವೇನೋ ಆಗುತ್ತದೆ, ವಾಕ್ಯ ಮಾತ್ರ ತಪ್ಪು. ಅಲ್ಲಿ 'ಆ್ಯಸ್' ಒಂದೇ ಸಾಕಿತ್ತು. ಇಲ್ಲವೇ 'ಸೋ' ಒಂದೇ ಸಾಕಿತ್ತು.

ಕಂಜಂಕ್ಷನ್ ಅಂದರೆ ಎರಡು ಪದಗಳನ್ನೋ ಎರಡು ವಾಕ್ಯಗಳನ್ನೋ ಸೇರಿಸುವ ಪದ. ಕನ್ನಡ ವ್ಯಾಕರಣದಲ್ಲಿ ಸಂಬಂಧಾರ್ಥಕ ಅವ್ಯಯ ಅಂತ ಓದಿದ್ದೇವಲ್ಲ, ಹೆಚ್ಚುಕಡಿಮೆ ಅದೇ. ಇವುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಬರೆಯುವಾಗ ತಪ್ಪುತ್ತಾರೆ. ಯಾಕೆಂದರೆ ಎರಡು ಭಾಷೆಗಳು ವಾಕ್ಯ ಜೋಡಿಸುವ ರೀತಿಯೇ ಬೇರೆ. ಕನ್ನಡದಲ್ಲಿ ಕೊಂಡಿ ಬಹಳ ಸಲ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ: ಬಂದರೆ, ಬಂದರೂ, ಬಂದಾಗ, ಬರುವವರೆಗೆ, ಬಂದದ್ದರಿಂದ. ಇಂಗ್ಲಿಷಿನಲ್ಲಿ ಅದು ಬಿಡಿ ಪದ. ವಾಕ್ಯದ ತಲೆಯಲ್ಲಿ ಕೂರುತ್ತದೆ: ಇಫ್, ಆಲ್ದೋ, ವೆನ್, ಅಂಟಿಲ್, ಬಿಕಾಸ್. ಬಾಲದಲ್ಲಿರುವುದನ್ನು ತಲೆಗೆ ತರಬೇಕು, ಅದೂ ಒಂದೇ ಕಡೆ ಹಾಕಬೇಕು. ಇಷ್ಟು ಕೈಗೆ ಹತ್ತಿದರೆ ಮುಕ್ಕಾಲು ಕೆಲಸ ಮುಗಿಯಿತು.

ಹೆಜ್ಜೆ 1: ವಾಕ್ಯ ಎಣಿಸಿ, ಆಮೇಲೆ ಕೊಂಡಿ ಎಣಿಸಿ

ಬರೆದ ವಾಕ್ಯದೊಳಗೆ ಎಷ್ಟು ಪೂರ್ತಿ ವಾಕ್ಯಗಳಿವೆ ನೋಡಿ. ಕರ್ತೃ ಮತ್ತು ಕ್ರಿಯಾಪದ ಎರಡೂ ಇದ್ದರೆ ಒಂದು ಅಂತ ಲೆಕ್ಕ. 'ಇಟ್ ರೇನ್ಡ್' ಒಂದು, 'ವೀ ಪ್ಲೇಡ್' ಇನ್ನೊಂದು. ಎರಡಕ್ಕೆ ಒಂದು ಕೊಂಡಿ, ಮೂರಕ್ಕೆ ಎರಡು.

'ಇಟ್ ರೇನ್ಡ್, ಬಟ್ ವೀ ಪ್ಲೇಡ್.' ಸರಿ.
'ಆಲ್ದೋ ಇಟ್ ರೇನ್ಡ್, ವೀ ಪ್ಲೇಡ್.' ಇದೂ ಸರಿ.
'ಆಲ್ದೋ ಇಟ್ ರೇನ್ಡ್, ಬಟ್ ವೀ ಪ್ಲೇಡ್.' ತಪ್ಪು. ಎರಡು ವಾಕ್ಯಕ್ಕೆ ಎರಡು ಕೊಂಡಿ ಬಿದ್ದಿವೆ.

'ಬಿಕಾಸ್' ಹಾಕಿದ ಮೇಲೆ 'ಸೋ' ಬೇಡ. 'ಸಿನ್ಸ್' ಹಾಕಿದ ಮೇಲೂ ಬೇಡ. ನಮಗೆ ಎರಡೆರಡು ಹಾಕುವ ಚಪಲ ಯಾಕೆ ಬರುತ್ತದೆ ಅಂದರೆ, ಕನ್ನಡದಲ್ಲಿ ಜೋಡಿ ಇಡುವ ರೂಢಿ ಜಾಸ್ತಿ. 'ಒಂದು ವೇಳೆ ಮಳೆ ಬಂದರೆ' ಅನ್ನುತ್ತೇವೆ. 'ಯಾವಾಗ ಕರೆಂಟ್ ಹೋಯಿತೋ ಆಗ' ಅನ್ನುತ್ತೇವೆ. 'ಅಕ್ಕನೂ ತಮ್ಮನೂ' ಅನ್ನುವಾಗಲಂತೂ ಇಬ್ಬರಿಗೂ ಒಂದೊಂದು 'ಊ' ಹಂಚುತ್ತೇವೆ. ಹಾಗಾಗಿ ಒಂದೇ ಕೊಂಡಿ ಇದ್ದರೆ ಕಿವಿಗೆ ಏನೋ ಕಮ್ಮಿ ಅನಿಸುತ್ತದೆ.

ಎರಡು ವಿನಾಯಿತಿ ಇವೆ. 'ಇಫ್' ಜೊತೆ 'ದೆನ್' ಬರಬಹುದು, ಏಕೆಂದರೆ 'ದೆನ್' ಕಂಜಂಕ್ಷನ್ನೇ ಅಲ್ಲ. ಇನ್ನು ಹಳೆಯ ವ್ಯಾಕರಣ ಪುಸ್ತಕಗಳಲ್ಲಿ 'ದೋ' ಜೊತೆ 'ಯೆಟ್' ಸಿಗುತ್ತದೆ. ಅದು ತಪ್ಪಲ್ಲ, ಹಳೇ ಕಾಲದ ಗತ್ತು. ಇವತ್ತು ಬರೆಯುವವರಿಗೆ ಅದು ಬೇಕಾಗಿಲ್ಲ.

ಹೆಜ್ಜೆ 2: ಸರಿಸಮಾನವೋ, ಒಂದಕ್ಕೊಂದು ಅಧೀನವೋ?

ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಅಂತ ಓದಿರುತ್ತೀರಿ. ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ಎರಡೂ ವಾಕ್ಯಗಳು ಸ್ವತಂತ್ರವಾಗಿ ನಿಲ್ಲುವುದಾದರೆ ಏಳು ಪದಗಳಲ್ಲಿ ಒಂದನ್ನು ಆರಿಸಿ: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಮೊದಲ ಅಕ್ಷರ ಸೇರಿಸಿ 'ಫ್ಯಾನ್‌ಬಾಯ್ಸ್' ಅಂತ ನೆನಪಿಟ್ಟುಕೊಳ್ಳುವುದು ವಾಡಿಕೆ. ಕಾರಣ ಹೇಳುವ 'ಫಾರ್' ಈಗ ಪುಸ್ತಕದ ಮಾತಾಗಿದೆ, ಬಿಟ್ಟುಬಿಡಿ. 'ನಾರ್' ಬಂದರೆ ಮುಂದಿನ ಪದಗಳ ಜಾಗ ಅದಲುಬದಲಾಗುತ್ತದೆ: 'ಐ ಡೋಂಟ್ ಡ್ರಿಂಕ್ ಕಾಫಿ, ನಾರ್ ಡೂ ಐ ಡ್ರಿಂಕ್ ಟೀ.'

ಈ ಪದಗಳು ಎರಡು ಪೂರ್ತಿ ವಾಕ್ಯಗಳನ್ನು ಸೇರಿಸುವಾಗ ಅವುಗಳಿಗೆ ಮೊದಲು ಅಲ್ಪವಿರಾಮ ಹಾಕಿ. ಕರ್ತೃ ಒಬ್ಬನೇ ಆಗಿದ್ದು, ಎರಡನೇ ಸಲ ಹೇಳದಿದ್ದರೆ ಬೇಡ: 'ಶೀ ಓಪನ್ಡ್ ದ ಡೋರ್ ಆ್ಯಂಡ್ ವೆಂಟ್ ಇನ್.'

ಪಟ್ಟಿ ಕೊಡುವಾಗ 'ಆ್ಯಂಡ್' ಕೊನೆಯದರ ಹಿಂದೆ ಒಂದೇ ಸಲ ಬರುತ್ತದೆ. ಆ ಕೊನೆಯ 'ಆ್ಯಂಡ್' ಅಥವಾ 'ಆರ್' ಹಿಂದೆ ಅಲ್ಪವಿರಾಮ ಬೇಕೋ ಬೇಡವೋ ಅಂತ ಇಂಗ್ಲಿಷಿನವರೇ ಜಗಳ ಆಡುತ್ತಾರೆ. ಸುಮ್ನೆ ಜಗಳ ಅಂದುಕೊಳ್ಳಬೇಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿ ಅಂತ ಒಂದು ಹಾಲಿನ ಕಂಪನಿ. ಅಲ್ಲಿನ ಕಾನೂನಿನಲ್ಲಿ ಓವರ್‌ಟೈಮ್ ಸಂಬಳ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಇತ್ತು. ಅದರ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತ ಬರೆದಿತ್ತು, 'ಆರ್' ಹಿಂದೆ ಅಲ್ಪವಿರಾಮ ಇರಲಿಲ್ಲ. ಸಾಗಣೆಗೋ ವಿತರಣೆಗೋ ಪ್ಯಾಕ್ ಮಾಡುವುದು ಅನ್ನುವ ಒಂದೇ ಕೆಲಸ ಇದು, ನಾವು ಪ್ಯಾಕ್ ಮಾಡುವುದಿಲ್ಲ, ಬರೀ ವಿತರಣೆ ಮಾಡುತ್ತೇವೆ, ಹಾಗಾಗಿ ನಮಗೆ ಓವರ್‌ಟೈಮ್ ಕೊಡಿ ಎಂದು ಲಾರಿ ಚಾಲಕರು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಕಡೆ ನಿಂತಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅರ್ಥ ಎರಡಾಗುವ ಕಡೆ ಅಲ್ಪವಿರಾಮ ಹಾಕಿಬಿಡಿ ಅನ್ನುವುದು ನನ್ನ ಸಲಹೆ.

'ಆ್ಯಂಡ್', 'ಬಟ್' ನಿಂದ ವಾಕ್ಯ ಶುರು ಮಾಡಬಾರದು ಅಂತ ಮೇಷ್ಟ್ರು ಹೇಳಿರುತ್ತಾರೆ. ಅಂಥ ನಿಯಮವೇನೂ ಇಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದರೆ ಮೊದಲ ಅಧ್ಯಾಯದ ಬಹುಪಾಲು ವಚನಗಳು 'ಆ್ಯಂಡ್' ನಿಂದಲೇ ಶುರುವಾಗುತ್ತವೆ. ಆದರೆ ಪರೀಕ್ಷೆಯಲ್ಲಿ ಮೇಷ್ಟ್ರ ಮಾತೇ ಕೇಳಿ, ಅಂಕ ಕೊಡುವವರು ಅವರು.

ಹೆಜ್ಜೆ 3: ಅಧೀನ ವಾಕ್ಯವನ್ನು ಎಲ್ಲಿ ಇಡಬೇಕು?

ಬಿಕಾಸ್, ಆಲ್ದೋ, ಇಫ್, ವೆನ್, ಅನ್‌ಲೆಸ್ ಇವೆಲ್ಲ ತಮ್ಮ ನಂತರ ಬರುವ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತವೆ. 'ಬಿಕಾಸ್ ಮೈ ಬಸ್ ವಾಸ್ ಲೇಟ್' ಅಂದರೆ ಕೇಳುವವರು ಮುಂದೇನು ಅಂತ ಕಾಯುತ್ತಾರೆ. ಆ ಅರ್ಧವನ್ನು ಮುಖ್ಯ ವಾಕ್ಯಕ್ಕೆ ಕಟ್ಟಲೇಬೇಕು.

ಕನ್ನಡದಲ್ಲಿ 'ಬರೋಕಾಗಲಿಲ್ಲ. ಯಾಕಂದ್ರೆ ಬಸ್ ಲೇಟಾಯ್ತು' ಅಂತ ಪೂರ್ಣವಿರಾಮ ಇಟ್ಟು ಹೊಸದಾಗಿ ಶುರು ಮಾಡಬಹುದು. ಈ ಲೇಖನದಲ್ಲೂ ಹಾಗೆ ಮಾಡಿದ್ದೇನೆ, ಮೇಲೆ ನೋಡಿ. ಇಂಗ್ಲಿಷ್ ಬರವಣಿಗೆಯಲ್ಲಿ 'ಐ ಕುಡ್ ನಾಟ್ ಕಮ್' ಆದ ಮೇಲೆ ಚುಕ್ಕಿ ಇಟ್ಟು 'ಬಿಕಾಸ್' ಬರೆದರೆ ತಪ್ಪು ಅನ್ನುತ್ತಾರೆ. ಚುಕ್ಕಿ ತೆಗೆದುಬಿಡಿ: 'ಐ ಕುಡ್ ನಾಟ್ ಕಮ್ ಬಿಕಾಸ್ ಮೈ ಬಸ್ ವಾಸ್ ಲೇಟ್.'

ಅಲ್ಪವಿರಾಮದ ಲೆಕ್ಕ ಸುಲಭ. ಅಧೀನ ವಾಕ್ಯ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ. ಕನ್ನಡದಲ್ಲಿ ಕಾರಣ, ಷರತ್ತು, ಸಮಯ ಎಲ್ಲ ಮೊದಲು ಬಂದು ಮುಖ್ಯ ಮಾತು ಕೊನೆಗೆ ಬರುತ್ತದೆ. ಆ ಚಾಳಿಯಲ್ಲೇ ಇಂಗ್ಲಿಷ್ ಬರೆದರೆ ಪ್ರತಿ ವಾಕ್ಯವೂ 'ಆ್ಯಸ್', 'ಸಿನ್ಸ್' ನಿಂದ ಶುರುವಾಗಿ ಅರ್ಜಿಯ ವಾಸನೆ ಹೊಡೆಯುತ್ತದೆ. ಮುಖ್ಯ ಮಾತನ್ನು ಮುಂದಕ್ಕೆ ತನ್ನಿ.

ಹೆಜ್ಜೆ 4: ಮುಂದಿನ ಮಾತಾದರೂ 'ವಿಲ್' ಬೇಡ

'ಐ ವಿಲ್ ಕಾಲ್ ಯು ವೆನ್ ಐ ವಿಲ್ ರೀಚ್ ಮೈಸೂರು.' ಬಸ್ ಸ್ಟ್ಯಾಂಡಿನಲ್ಲಿ ದಿನಾ ಕೇಳುವ ವಾಕ್ಯ. ಎರಡನೇ 'ವಿಲ್' ತೆಗೆಯಬೇಕು: 'ವೆನ್ ಐ ರೀಚ್ ಮೈಸೂರು.' ಇಫ್, ವೆನ್, ಅಂಟಿಲ್, ಬಿಫೋರ್, ಆಫ್ಟರ್, ಆ್ಯಸ್ ಸೂನ್ ಆ್ಯಸ್ ಇವುಗಳ ನಂತರ, ನಾಳೆಯ ಮಾತಾಗಿದ್ದರೂ ವರ್ತಮಾನ ಕಾಲವೇ ಬರುತ್ತದೆ.

ಕನ್ನಡಿಗರಿಗೆ ಇದು ಕಷ್ಟವಾಗಬಾರದು, ಅಲ್ವಾ? 'ನಾಳೆ ತಲುಪಿದಾಗ ಫೋನ್ ಮಾಡ್ತೀನಿ' ಅನ್ನುವವರು ನಾವು. ತಲುಪುವುದು ನಾಳೆ, ಆದರೆ 'ತಲುಪಿದಾಗ' ಅನ್ನುವುದು ಭೂತಕಾಲದ ರೂಪ. 'ನಾಳೆ ಮಳೆ ಬಂದರೆ' ಕೂಡ ಹಾಗೇ. ಭವಿಷ್ಯವನ್ನು ಕನ್ನಡವೂ ಮುಖ್ಯ ಕ್ರಿಯಾಪದಕ್ಕೇ ಬಿಟ್ಟಿದೆ. ಅದೇ ತರ್ಕ ಇಂಗ್ಲಿಷಿಗೂ ಹಚ್ಚಿ.

ಒಂದು ಎಚ್ಚರಿಕೆ. 'ಐ ಡೋಂಟ್ ನೋ ವೆನ್ ಹೀ ವಿಲ್ ಕಮ್' ಸರಿಯಾದ ವಾಕ್ಯವೇ. ಅಲ್ಲಿ 'ವೆನ್' ಅಂದರೆ ಯಾವಾಗ ಅನ್ನುವ ಪ್ರಶ್ನೆ, ಬಂದಾಗ ಅನ್ನುವ ಅರ್ಥ ಅಲ್ಲ.

ಹೆಜ್ಜೆ 5: 'ಅಂತ' ಇದ್ದ ಕಡೆಯಲ್ಲೆಲ್ಲ 'ದಟ್' ಹಾಕಬೇಡಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಜಾರುವ ಜಾಗ. ಕನ್ನಡದಲ್ಲಿ ಯಾರು ಏನೇ ಹೇಳಲಿ, ಕೇಳಲಿ, ಅಂದುಕೊಳ್ಳಲಿ, ಎಲ್ಲದಕ್ಕೂ 'ಅಂತ' ಒಂದೇ. 'ಬರ್ತೀನಿ ಅಂತ ಹೇಳಿದ.' 'ಎಲ್ಲಿಗೆ ಹೋಗ್ತೀಯ ಅಂತ ಕೇಳಿದ.' 'ಊಟ ಆಯ್ತಾ ಅಂತ ಕೇಳಿದ.' ಇಂಗ್ಲಿಷಿನಲ್ಲಿ ಈ ಮೂರಕ್ಕೂ ಮೂರು ದಾರಿ.

ಹೇಳಿಕೆಯಾದರೆ 'ದಟ್': 'ಹೀ ಸೆಡ್ ದಟ್ ಹೀ ವುಡ್ ಕಮ್.' ಮಾತಿನಲ್ಲಿ ಈ 'ದಟ್' ಬಿಟ್ಟರೂ ನಡೆಯುತ್ತದೆ. 'ಹೀ ಟೋಲ್ಡ್ ದಟ್' ಅನ್ನಬೇಡಿ. 'ಟೋಲ್ಡ್' ಬಂದರೆ ಯಾರಿಗೆ ಅಂತಲೂ ಹೇಳಬೇಕು: 'ಹೀ ಟೋಲ್ಡ್ ಮೀ ದಟ್.'

ಎಲ್ಲಿ, ಯಾಕೆ, ಯಾವಾಗ ಅನ್ನುವ ಪ್ರಶ್ನೆಯಾದರೆ ಆ ಪ್ರಶ್ನೆಪದವೇ ಕೊಂಡಿ. 'ಹೀ ಆಸ್ಕ್ಡ್ ಮೀ ದಟ್ ವೇರ್ ಆರ್ ಯು ಗೋಯಿಂಗ್' ಅನ್ನುವುದು ಕನ್ನಡವನ್ನೇ ಇಂಗ್ಲಿಷ್ ಪದಗಳಲ್ಲಿ ಹೇಳಿದಂತೆ. 'ದಟ್' ಹೋಗಬೇಕು, ಪ್ರಶ್ನೆಯ ಕ್ರಮವೂ ಹೋಗಬೇಕು: 'ಹೀ ಆಸ್ಕ್ಡ್ ಮೀ ವೇರ್ ಐ ವಾಸ್ ಗೋಯಿಂಗ್.' 'ವಾಸ್ ಐ' ಅಲ್ಲ, 'ಐ ವಾಸ್'.

ಹೌದು, ಇಲ್ಲ ಎಂದು ಉತ್ತರ ಬರುವ ಪ್ರಶ್ನೆಯಾದರೆ 'ಇಫ್' ಅಥವಾ 'ವೆದರ್': 'ಶೀ ಆಸ್ಕ್ಡ್ ವೆದರ್ ಐ ಹ್ಯಾಡ್ ಈಟನ್.' ಕನ್ನಡದಲ್ಲಿ 'ಬಂದಿದಾನೋ ಇಲ್ವೋ ಗೊತ್ತಿಲ್ಲ' ಅನ್ನುತ್ತೇವಲ್ಲ, ಆ 'ಓ' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ವೆದರ್' ಮಾಡುತ್ತದೆ: 'ಐ ಡೋಂಟ್ ನೋ ವೆದರ್ ಹೀ ಹ್ಯಾಸ್ ಕಮ್.' ಕೊನೆಗೆ 'ಆರ್ ನಾಟ್' ಸೇರಿಸಿದರೂ ಸರಿ, ಬಿಟ್ಟರೂ ಸರಿ.

ಹೆಜ್ಜೆ 6: 'ಅನ್‌ಲೆಸ್' ಹೊಟ್ಟೆಯಲ್ಲೇ 'ಇಲ್ಲ' ಇದೆ

'ಅನ್‌ಲೆಸ್ ಯು ಡೋಂಟ್ ಪೇ, ದೇ ವಿಲ್ ಕಟ್ ದ ಪವರ್' ಅಂದರೆ ದುಡ್ಡು ಕಟ್ಟಿದವರ ಕರೆಂಟ್ ಕಿತ್ತಂತಾಯಿತು! 'ಅನ್‌ಲೆಸ್' ಅಂದರೇ 'ಇಫ್ ನಾಟ್'. ಮತ್ತೆ 'ನಾಟ್' ಬೇಡ: 'ಅನ್‌ಲೆಸ್ ಯು ಪೇ.' 'ಅಂಟಿಲ್' ನಲ್ಲಿ ನಮ್ಮವರು ಅಷ್ಟಾಗಿ ತಪ್ಪುವುದಿಲ್ಲ, 'ನಾನು ಬರೋ ತನಕ' ಅನ್ನುವಾಗ ಕನ್ನಡದಲ್ಲೂ 'ಇಲ್ಲ' ಇರುವುದಿಲ್ಲ ನೋಡಿ. 'ಅನ್‌ಲೆಸ್ ಆ್ಯಂಡ್ ಅಂಟಿಲ್' ಅನ್ನುವ ಜೋಡಿಯನ್ನು ವಕೀಲರಿಗೆ ಬಿಡಿ.

ಹೆಜ್ಜೆ 7: ಜೋಡಿ ಪದಗಳು

ಐದರ್ ಜೊತೆ ಆರ್, ನೈದರ್ ಜೊತೆ ನಾರ್, ಬೋತ್ ಜೊತೆ ಆ್ಯಂಡ್, ನಾಟ್ ಓನ್ಲಿ ಜೊತೆ ಬಟ್ ಆಲ್ಸೋ. ಎರಡರ ನಂತರವೂ ಒಂದೇ ಬಗೆಯ ಪದ ಇರಲಿ. 'ನೈದರ್ ದ ಟೀಚರ್ ನಾರ್ ದ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್' ಎನ್ನುವಲ್ಲಿ ಕ್ರಿಯಾಪದ ಹತ್ತಿರದ 'ಸ್ಟೂಡೆಂಟ್ಸ್' ಮಾತು ಕೇಳುತ್ತದೆ.

ದ್ವಿತೀಯ ಪಿಯುಸಿ ಮಕ್ಕಳಿಗೆ ಲಿಂಕರ್ಸ್ ಪ್ರಶ್ನೆ ಗೊತ್ತಿರುತ್ತದೆ. ಗೊಂದಲ ಮಾಡುವುದು 'ನೋ ಸೂನರ್' ಮತ್ತು 'ಹಾರ್ಡ್ಲಿ'. 'ನೋ ಸೂನರ್' ಜೊತೆ 'ದ್ಯಾನ್', 'ಹಾರ್ಡ್ಲಿ' ಮತ್ತು 'ಸ್ಕೇರ್ಸ್‌ಲಿ' ಜೊತೆ 'ವೆನ್'. 'ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ದ ಬಾಯ್ಸ್ ರ್‍ಯಾನ್ ಔಟ್.' ಬೆಲ್ ಹೊಡೆದದ್ದೇ ತಡ, ಹುಡುಗರು ಹೊರಗೆ ಓಡಿದರು. 'ಸೂನರ್' ಹೋಲಿಕೆಯ ಪದ, ಅದಕ್ಕೇ 'ದ್ಯಾನ್' ಬೇಕು ಅಂತ ನೆನಪಿಟ್ಟುಕೊಂಡರೆ ಸಾಕು.

ಹೆಜ್ಜೆ 8: ಕಂಜಂಕ್ಷನ್ ವೇಷದ ಪದಗಳನ್ನು ಹಿಡಿಯಿರಿ

'ಹೌಎವರ್', 'ದೇರ್‌ಫೋರ್' ನೋಡಲು ಕಂಜಂಕ್ಷನ್ ಹಾಗೇ ಇವೆ, ಆದರೆ ಅಲ್ಲ. 'ವೀ ಸೆಂಟ್ ದ ಬಿಲ್, ಹೌಎವರ್ ದೇ ಡಿಡ್ ನಾಟ್ ಪೇ' ತಪ್ಪು. 'ಬಿಲ್' ಆದ ಮೇಲೆ ಪೂರ್ಣವಿರಾಮ ಅಥವಾ ಅರ್ಧವಿರಾಮ, 'ಹೌಎವರ್' ಆದ ಮೇಲೆ ಅಲ್ಪವಿರಾಮ ಇಡಿ. ಅದು ತಲೆನೋವು ಅನಿಸಿದರೆ 'ಬಟ್' ಹಾಕಿ ಮುಗಿಸಿ. 'ಬಟ್' ಸಣ್ಣ ಪದ ಅಂತ ಸಂಕೋಚ ಯಾಕೆ?

'ಬಿಕಾಸ್ ಆಫ್', 'ಡಿಸ್ಪೈಟ್' ನಂತರ ಪೂರ್ತಿ ವಾಕ್ಯ ಬರುವುದಿಲ್ಲ, ನಾಮಪದ ಬರುತ್ತದೆ: 'ಬಿಕಾಸ್ ಆಫ್ ದ ರೇನ್', 'ಡಿಸ್ಪೈಟ್ ದ ರೇನ್'. 'ಡಿಸ್ಪೈಟ್ ಆಫ್' ಅನ್ನುವುದು ಇಲ್ಲವೇ ಇಲ್ಲ. 'ಆಫ್' ಬೇಕಾದ್ದು 'ಇನ್ ಸ್ಪೈಟ್' ಗೆ.

ಈಗ ನೀವೇ ಮಾಡಿ ನೋಡಿ

ಕೆಳಗಿನ ನಾಲ್ಕನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಉತ್ತರ ನೋಡುವ ಮೊದಲು ಪ್ರತಿ ಕನ್ನಡ ವಾಕ್ಯದಲ್ಲಿ ಕೊಂಡಿ ಎಲ್ಲಿದೆ ಅಂತ ಗೆರೆ ಎಳೆಯಿರಿ.

ಅ) ಹುಷಾರಿಲ್ಲದಿದ್ದರೂ ಆಫೀಸಿಗೆ ಹೋದಳು.
ಆ) ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ ಅಂತ ಕೇಳು.
ಇ) ಓಟಿಪಿ ಬಂದ ಕೂಡಲೇ ಹೇಳ್ತೀನಿ.
ಈ) ಅವನು ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಕೆಲಸಕ್ಕೆ ಹೋದ.

ಉತ್ತರಗಳು. ಅ) 'ಶೀ ವೆಂಟ್ ಟು ಆಫೀಸ್ ಆಲ್ದೋ ಶೀ ವಾಸ್ ನಾಟ್ ವೆಲ್.' ಆ) 'ಆಸ್ಕ್ ವೆನ್ ದ ಶಾಪ್ ಓಪನ್ಸ್.' ಇ) 'ಐ ವಿಲ್ ಟೆಲ್ ಯು ಆ್ಯಸ್ ಸೂನ್ ಆ್ಯಸ್ ದ ಓಟಿಪಿ ಕಮ್ಸ್.' ಈ) 'ಹೀ ಗಾಟ್ ಅಪ್, ಬೇದ್ಡ್, ಹ್ಯಾಡ್ ಬ್ರೇಕ್‌ಫಾಸ್ಟ್ ಆ್ಯಂಡ್ ವೆಂಟ್ ಟು ವರ್ಕ್.' ಕೊನೆಯದರಲ್ಲಿ ಎದ್ದು, ಮಾಡಿ, ತಿಂದು ಅಂತ ಕನ್ನಡ ಮೂರು ಸಲ ಕೊಂಡಿ ಹಾಕಿದೆ. ಇಂಗ್ಲಿಷಿನಲ್ಲಿ ಅಲ್ಪವಿರಾಮಗಳು ಮತ್ತು ಒಂದೇ ಒಂದು 'ಆ್ಯಂಡ್' ಆ ಕೆಲಸ ಮಾಡುತ್ತವೆ. ನಾಲ್ಕು ಕ್ರಿಯಾಪದಗಳೂ ಒಂದೇ ಕಾಲದಲ್ಲಿದ್ದರೆ ನಿಮ್ಮ ಉತ್ತರ ಸರಿ.