ಕೊಡಗಿನ ಮನೆಗೆ ಬಚ್ಚಲು ಟೈಲ್ಸ್: ಲೆಕ್ಕ ಹಾಕುವ ಬಗೆ, ಮೇಸ್ತ್ರಿ ಗೊತ್ತು ಮಾಡುವ ಬಗೆ

ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಬಚ್ಚಲುಮನೆಗೆ ಹೋಗಿ. ಉದ್ದ, ಅಗಲ, ಟೈಲ್ ಎಷ್ಟು ಎತ್ತರದವರೆಗೆ ಬೇಕು, ಬಾಗಿಲಿನ ಅಳತೆ, ಈ ನಾಲ್ಕು ಸಾಕು. 6 ಅಡಿಗೆ 8 ಅಡಿಯ ಬಚ್ಚಲು, ಗೋಡೆಗೆ 7 ಅಡಿ ಎತ್ತರದವರೆಗೆ ಟೈಲ್ ಎಂದುಕೊಳ್ಳಿ. ಸುತ್ತಳತೆ 28 ಅಡಿ, ಅದನ್ನು 7ರಿಂದ ಗುಣಿಸಿದರೆ 196 ಚದರಡಿ. ಎರಡೂವರೆ ಅಡಿ ಅಗಲದ ಬಾಗಿಲು ಕಳೆದರೆ ಸುಮಾರು 178. ನೆಲ 48. ಮೇಸ್ತ್ರಿ ಕೂರಿಸಬೇಕಾದದ್ದು ಒಟ್ಟು 226 ಚದರಡಿ.

ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿ. ಗೋಡೆಗೆ 196, ನೆಲಕ್ಕೆ 53 ಆಗುತ್ತದೆ. ಬಾಕ್ಸ್ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 12ಕ್ಕೆ 18 ಇಂಚಿನ ಟೈಲ್ ಆರು ಪೀಸ್ ಇದ್ದರೆ ಬಾಯಿಮಾತಿನಲ್ಲಿ 9 ಚದರಡಿ. ಆದರೆ ಟೈಲಿನ ನಿಜವಾದ ಅಳತೆ 300ಕ್ಕೆ 450 ಮಿ.ಮೀ., ಹಾಗಾಗಿ ಬಾಕ್ಸ್‌ಗೆ ಬರುವುದು 8.72 ಚದರಡಿ ಅಷ್ಟೆ. 9ರ ಲೆಕ್ಕ ಹಿಡಿದರೆ 22 ಬಾಕ್ಸ್ ಸಾಕೆನಿಸುತ್ತದೆ, ನಿಜಕ್ಕೆ ಬೇಕಾಗುವುದು 23. ಮುಂದೆ ಪೈಪ್ ರಿಪೇರಿ ಬಂದರೆ ಎಂದು ಒಂದು ಬಾಕ್ಸ್ ಹೆಚ್ಚಿಗೆ, ಒಟ್ಟು 24. ನೆಲಕ್ಕೆ 300ಕ್ಕೆ 300ರ ಆ್ಯಂಟಿ ಸ್ಕಿಡ್ ಟೈಲ್, ಬಾಕ್ಸ್‌ಗೆ 10 ಪೀಸ್ ಇದ್ದರೆ 6 ಬಾಕ್ಸ್.

ಎಲ್ಲವನ್ನೂ ಒಂದೇ ಸಲ ತರಿಸಿ. ಬಾಕ್ಸ್ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ. ಗಾಡಿಯಿಂದ ಇಳಿಸುವಾಗಲೇ ಪ್ರತಿ ಬಾಕ್ಸಿನದ್ದೂ ನೋಡಿ. ಅದೇ ಡಿಸೈನ್, ಬೇರೆ ಬ್ಯಾಚ್ ಆದರೆ ಬಣ್ಣದಲ್ಲಿ ಒಂದೆಳೆ ವ್ಯತ್ಯಾಸ ಬಂದೇ ಬರುತ್ತದೆ, ಲೈಟ್ ಹಾಕಿದಾಗ ಗೋಡೆಯಲ್ಲಿ ಎದ್ದು ಕಾಣುತ್ತದೆ. ತೋಟದ ಒಳದಾರಿಯಲ್ಲಿ ಪಿಕಪ್ ಕುಲುಕಿ ಮೂಲೆ ಒಡೆಯುವುದು ಸಾಮಾನ್ಯ. ಒಡೆದದ್ದನ್ನು ಬದಲಿಸಿ ಕೊಡುತ್ತಾರೆಯೇ, ಬಿಚ್ಚದ ಬಾಕ್ಸ್ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಬಿಲ್ ಹಾಕಿಸುವ ಮೊದಲೇ ಕೇಳಿ. ಹೇಳಿದ ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂಬುದನ್ನೂ ಕೇಳಿ, ಟೈಲ್ಸ್‌ಗೆ ಅದು ಶೇ. 18.

ಹಣ ಎಲ್ಲಿ ಹೋಗುತ್ತದೆ

ಇನ್ನು ಒಟ್ಟು ಖರ್ಚು. ಕೆಳಗಿನ ದರಗಳು ಲೆಕ್ಕ ತೋರಿಸುವುದಕ್ಕೆ ಹಿಡಿದವು. ಕುಶಾಲನಗರದಲ್ಲಿ ಒಂದು ದರ ಇದ್ದರೆ ವಿರಾಜಪೇಟೆಯ ಒಳಗಿನ ತೋಟಕ್ಕೆ ಇನ್ನೊಂದು. ನಿಮ್ಮ ಊರಿನ ದರ ಕೇಳಿ ಅದೇ ಜಾಗದಲ್ಲಿ ಬರೆದುಕೊಳ್ಳಿ.

ಗೋಡೆ ಟೈಲ್ ಚದರಡಿಗೆ 45 ರೂಪಾಯಿ, ನೆಲದ್ದು 55 ಆದರೆ ಟೈಲ್‌ಗೆ ಸುಮಾರು 12,600. ಕೂಲಿ ಚದರಡಿಗೆ 40ರಂತೆ 226 ಚದರಡಿಗೆ 9,040. ಟೈಲ್ ಅಂಟು 20 ಕೆ.ಜಿ.ಯ 6 ಚೀಲ, ಚೀಲಕ್ಕೆ 450ರಂತೆ 2,700. ವಾಟರ್‌ಪ್ರೂಫಿಂಗ್ ನೆಲಕ್ಕೆ, ಸುತ್ತ ಒಂದಡಿ ಗೋಡೆಗೆ, ಶವರ್ ಮೂಲೆಯಲ್ಲಿ 6 ಅಡಿ ಎತ್ತರಕ್ಕೆ ಎಂದರೆ ಸುಮಾರು 106 ಚದರಡಿ, ಮಾಲು ಕೂಲಿ ಸೇರಿ 30ರಂತೆ 3,180. ಸಂದು ತುಂಬಲು ಇಪಾಕ್ಸಿ 4 ಕೆ.ಜಿ. 1,600, ಅದರ ಕೂಲಿ 2,000. ನೆಲದ ಬೆಡ್‌ಗೆ 2 ಚೀಲ ಸಿಮೆಂಟ್, 8 ಘನ ಅಡಿ ಎಂ-ಸ್ಯಾಂಡ್, 1,400. ಸ್ಪೇಸರ್, ಸಿಲಿಕೋನ್, ಗಾಡಿ ಬಾಡಿಗೆ, ಇಳಿಸುವ ಕೂಲಿ 2,100. ಒಟ್ಟು ಸುಮಾರು 34,600.

ಇದರಲ್ಲಿ ಟೈಲ್‌ನ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಟೈಲ್‌ನಲ್ಲಿ ಚದರಡಿಗೆ 10 ರೂಪಾಯಿ ಕಡಿಮೆ ಮಾಡಿಕೊಂಡರೆ ಉಳಿಯುವುದು 2,700ರ ಆಸುಪಾಸು, ಅದರಿಂದ ಬಚ್ಚಲಿಗೆ ಏನೂ ಕೆಡುಕಿಲ್ಲ. ವಾಟರ್‌ಪ್ರೂಫಿಂಗ್ ಬಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಚೆ ಕೋಣೆಯ ಗೋಡೆಗೆ ತೇವ ಏರಿ, ಟೈಲ್ ಪೂರ್ತಿ ಕೀಳಿಸಬೇಕಾಗುತ್ತದೆ. ಉಳಿತಾಯ ಮಾಡಲೇಬೇಕೆಂದರೆ ಕಣ್ಣಿಗೆ ಕಾಣುವ ಟೈಲ್‌ನಲ್ಲಿ ಮಾಡಿ, ಅದರ ಅಡಿಯಲ್ಲಿರುವುದರಲ್ಲಿ ಬೇಡ.

ಹಳೆಯ ಟೈಲ್ ಅಥವಾ ರೆಡ್ ಆಕ್ಸೈಡ್ ನೆಲ ಕೀಳಿಸಿ ಹೊಸ ಗಾರೆ ಹಾಕಿಸುವುದಾದರೆ ಆ ಖರ್ಚು ಬೇರೆ. ಒಡೆದ ಮಣ್ಣು-ಟೈಲು ಸಾಗಿಸುವುದು ಯಾರ ಹೊಣೆ ಎಂದು ಮೊದಲೇ ಮಾತಾಡಿ. ಅದನ್ನು ತೋಡಿಗೆ ಸುರಿಯಲು ಬಿಡಬೇಡಿ, ಮಳೆಗಾಲದಲ್ಲಿ ನೀರು ಕಟ್ಟಿಕೊಂಡು ತೋಟಕ್ಕೇ ನುಗ್ಗುತ್ತದೆ.

ಯಾವ ತಿಂಗಳಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಗಾರೆ ಒಣಗುವುದಿಲ್ಲ, ಒದ್ದೆ ಗೋಡೆಯ ಮೇಲೆ ವಾಟರ್‌ಪ್ರೂಫಿಂಗ್ ಗುಳ್ಳೆ ಏಳುತ್ತದೆ, ಮರ ಬಿದ್ದು ಕರೆಂಟ್ ಹೋದರೆ ಕಟಿಂಗ್ ಮೆಷಿನ್ ನಿಲ್ಲುತ್ತದೆ, ಕೂಲಿಯವರು ಸುಮ್ಮನೆ ಕೂರುತ್ತಾರೆ. ಸಿಮೆಂಟ್ ಚೀಲವೂ ತೇವ ಎಳೆದು ಗಂಟು ಕಟ್ಟುತ್ತದೆ. ಕಾಫಿ ಕುಯ್ಲು ಜೋರಾಗಿರುವ ಡಿಸೆಂಬರ್-ಜನವರಿಯಲ್ಲಿ ಹೆಲ್ಪರ್‌ಗಳು ಸಿಗುವುದು ಕಷ್ಟ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಅನುಕೂಲ, ಆದರೆ ಮನೆ ಕಟ್ಟುವವರೆಲ್ಲ ಆಗಲೇ ಹುಡುಕುವುದರಿಂದ ಒಳ್ಳೆಯ ಮೇಸ್ತ್ರಿಯನ್ನು ಫೆಬ್ರವರಿಯಲ್ಲೇ ಮಾತಾಡಿಸಿಟ್ಟಿರಿ.

ಮೇಸ್ತ್ರಿಯ ಕೆಲಸ ನೋಡುವುದು

ಮೊಬೈಲ್‌ನಲ್ಲಿ ತೋರಿಸುವ ಫೋಟೋ ಸಾಲದು. ಕನಿಷ್ಠ ಒಂದು ಮಳೆಗಾಲ ಕಳೆದ ಅವರ ಕೆಲಸ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ. ನೀರು ಹೊರಹೋಗುವ ಜಾಲಿಯಿಂದ ದೂರದ ಮೂಲೆಯಲ್ಲಿ ಒಂದು ಚೊಂಬು ನೀರು ಚೆಲ್ಲಿ. ನೀರು ನಿಲ್ಲದೆ ಜಾಲಿ ಸೇರಬೇಕು. ನಾಣ್ಯದಿಂದ ಗೋಡೆ ಟೈಲ್‌ಗಳ ಮೂಲೆ ತಟ್ಟಿ, ಟೊಳ್ಳು ಸದ್ದು ಬಂದರೆ ಹಿಂದೆ ಅಂಟು ತುಂಬಿಲ್ಲ. ನಲ್ಲಿ ಬುಡದ ತೂತು ನೋಡಿ, ಅದನ್ನು ಮುಚ್ಚುವ ಬಿಲ್ಲೆ (ಫ್ಲ್ಯಾಂಜ್) ಸರಿಸಿದರೆ ಅಡಿಯಲ್ಲಿ ದೊಡ್ಡ ಚೌಕಾಕಾರದ ಕಂಡಿ ಇದ್ದರೆ ಕೈ ಒರಟು ಎಂದರ್ಥ. ಬಾಗಿಲಿಗೆ ಎದುರಾಗಿ ಕಾಣುವ ಮೂಲೆಯಲ್ಲಿ ಬೆರಳಗಲದ ತುಂಡು ಟೈಲ್ ಇದ್ದರೆ ಅವರು ಮೊದಲೇ ಸಾಲು ಹಾಕಿ ನೋಡದೆ ಕೆಲಸ ಶುರುಮಾಡಿದ್ದಾರೆ.

ದರ ಮಾತಾಡುವಾಗ ಚದರಡಿಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಬಾಗಿಲು ಕಳೆದು ಅಳೆಯುತ್ತಾರೋ ಸೇರಿಸಿಯೋ? ಮೂಲೆಯ 45 ಡಿಗ್ರಿ ಕಟಿಂಗ್ ಅಡಿ ಲೆಕ್ಕವೋ? ಶಾಂಪೂ ಇಡುವ ಗೂಡು, ಪೈಪಿನ ತೂತು, ಸಂದು ತುಂಬುವುದು, ಗಾಡಿಯಿಂದ ಇಳಿಸುವುದು ಸೇರಿದೆಯೋ? ಹೊರಗಿನಿಂದ ಬಂದ ತಂಡವಾದರೆ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆಯಲ್ಲಿ) ಜಾಗ, ಊಟ ಯಾರದ್ದು? ಇವೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ದಿನಗೂಲಿಗಿಂತ ಚದರಡಿ ಲೆಕ್ಕವೇ ಖರ್ಚಿಗೆ ಹಿಡಿತ ಕೊಡುತ್ತದೆ, ಆದರೆ ಕೆಲಸ ಅವಸರವಾಗುತ್ತದೆ, ಆದ್ದರಿಂದ ದುಡ್ಡನ್ನು ಹಂತ ಹಂತವಾಗಿ ಕೊಡಿ. ಅಡ್ವಾನ್ಸ್ ಶೇ. 10-20 ಮೀರದಿರಲಿ. ವಾಟರ್‌ಪ್ರೂಫಿಂಗ್ ಆಗಿ, ನೀರು ನಿಲ್ಲಿಸಿ ನೋಡಿದ ಮೇಲೆ ಒಂದು ಕಂತು, ಗೋಡೆ ಮುಗಿದ ಮೇಲೆ ಒಂದು. ಕೊನೆಯ ಶೇ. 10ನ್ನು ಸಂದು ತುಂಬಿ, ಒಣಗಿ, ನೀರು ಸುರಿದು ನೋಡುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.

ಕೆಲಸದ ಕ್ರಮ, ಕೆಡುವ ಜಾಗಗಳು

ಒಳಗಿನ ಪೈಪ್‌ಗಳಿಗೆ ಪ್ರೆಶರ್ ಹಾಕಿ ಪರೀಕ್ಷಿಸದೆ ಟೈಲ್ ಮುಟ್ಟಬೇಡಿ. ಹೊಸ ಗಾರೆಗೆ ಕನಿಷ್ಠ 7 ದಿನ ನೀರು ಹೊಡೆದು, ಆಮೇಲೆ ಒಣಗಲು ಬಿಡಬೇಕು. ವಾಟರ್‌ಪ್ರೂಫಿಂಗ್ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡವಾಗಿ. ಪೈಪ್ ನೆಲದಿಂದ ಹೊರಬರುವ ಬುಡದಲ್ಲಿಯೇ ಹೆಚ್ಚಿನ ಸೋರಿಕೆ ಶುರುವಾಗುವುದು, ಅಲ್ಲಿ ಬ್ರಷ್ ಸರಿಯಾಗಿ ಸುತ್ತಾಡಲಿ. ಒಣಗಿದ ಮೇಲೆ ಜಾಲಿ ಮುಚ್ಚಿ, ಎರಡು ಇಂಚು ನೀರು ಕಟ್ಟಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ.

ಗೋಡೆಯ ಟೈಲನ್ನು ಎರಡನೇ ಸಾಲಿನಿಂದ ಶುರುಮಾಡಬೇಕು. ರಸಮಟ್ಟ ಇಟ್ಟು ಗೋಡೆಗೆ ಪಟ್ಟಿ ಹೊಡೆದು, ಅದರ ಮೇಲೆ ಸಾಲು ಕೂರಿಸಿ. ನೆಲ ಮುಗಿದ ಮೇಲೆ ಕೆಳಗಿನ ಸಾಲು ಕೂರಿಸಿದರೆ ನೆಲದ ವಾಟಕ್ಕೆ (ನೀರು ಹರಿಯುವ ಇಳಿಜಾರಿಗೆ) ಸರಿಯಾಗಿ ಕತ್ತರಿಸಬಹುದು, ಗೋಡೆಯಿಂದ ಇಳಿದ ನೀರೂ ನೆಲದ ಟೈಲ್ ಮೇಲೆಯೇ ಬೀಳುತ್ತದೆ. ವಾಟ 8 ಅಡಿಗೆ ಕನಿಷ್ಠ ಒಂದಿಂಚು ಇರಲಿ, ಶವರ್ ಕೆಳಗೆ ಇನ್ನೂ ತುಸು ಹೆಚ್ಚು. ಬಚ್ಚಲಿನ ನೆಲ ಹೊರಗಿನ ನೆಲಕ್ಕಿಂತ ಒಂದಿಂಚಾದರೂ ತಗ್ಗಿರಬೇಕು.

ಸೆರಾಮಿಕ್ ಗೋಡೆ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಆದ್ದರಿಂದಲೇ ಸಿಮೆಂಟ್‌ನಲ್ಲಿ ಕೂರಿಸುವಾಗ ಮೊದಲು ನೀರಿನಲ್ಲಿ ನೆನೆಸುವುದು, ಇಲ್ಲದಿದ್ದರೆ ಸಿಮೆಂಟಿನ ನೀರನ್ನೇ ಎಳೆದು ಹಿಡಿತ ಕೆಡಿಸುತ್ತದೆ. ಗಾಜಿನಂತೆ ಬಿಗಿಯಾಗಿ ಸುಟ್ಟ ವಿಟ್ರಿಫೈಡ್ ಟೈಲ್ ಹೀರುವುದು ಶೇ. 0.5ಕ್ಕಿಂತ ಕಡಿಮೆ, ಸಿಮೆಂಟ್ ಹಾಲು ಅದಕ್ಕೆ ಕಚ್ಚುವುದೇ ಇಲ್ಲ. ಅದಕ್ಕೆ ಅಂಟೇ ಬೇಕು, ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಎಂದು ಇರಲಿ, ಕನಿಷ್ಠ ಟೈಪ್ 2. ಅಂಟು ಬಳಸುವಾಗ ಸೆರಾಮಿಕ್ ಆದರೂ ನೆನೆಸಬೇಡಿ, ಹಿಂಬದಿಯ ಧೂಳು ಒರೆಸಿದರೆ ಸಾಕು. ಅಂಟನ್ನು ಹಲ್ಲಿನ ಕರಣೆಯಿಂದ ಪೂರ್ತಿ ಎಳೆಯಬೇಕು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಗುಪ್ಪೆ ಇಟ್ಟು ಒತ್ತುವುದನ್ನು ಕಂಡರೆ ತಕ್ಷಣ ನಿಲ್ಲಿಸಿ, ಗುಪ್ಪೆಗಳ ನಡುವಿನ ಟೊಳ್ಳಿನಲ್ಲಿ ನೀರು ಸೇರುತ್ತದೆ. ಹತ್ತು ಟೈಲ್‌ಗೊಮ್ಮೆ ಆಗ ತಾನೇ ಕೂರಿಸಿದ ಒಂದನ್ನು ಕಿತ್ತು ಹಿಂಬದಿ ನೋಡಿ, ಪೂರ್ತಿ ಅಂಟು ಮೆತ್ತಿರಬೇಕು.

ಟೈಲ್‌ಗೆ ಟೈಲ್ ತಾಗಿಸಿ ಕೂರಿಸುವುದು ನೋಡಲು ಚೆಂದ, ಆದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಎದ್ದು ಬರುತ್ತದೆ. 2 ಮಿ.ಮೀ. ಸ್ಪೇಸರ್ ಹಾಕಿಸಿ. ನಮ್ಮ ಹವೆಯಲ್ಲಿ ಸಂದು ತುಂಬುವ ಸಿಮೆಂಟ್ ಗ್ರೌಟ್ ಬೇಗ ಕಪ್ಪಾಗುತ್ತದೆ, ನೆಲಕ್ಕೂ ಶವರ್ ಮೂಲೆಗೂ ಇಪಾಕ್ಸಿಗೆ ಕೊಟ್ಟ ದುಡ್ಡು ಸಾರ್ಥಕ. ಅದನ್ನು ಸ್ವಲ್ಪ ಸ್ವಲ್ಪವೇ ಕಲಸಿ, ಗಟ್ಟಿಯಾಗುವ ಮೊದಲು ಟೈಲ್ ಮೇಲಿನದ್ದನ್ನು ಒರೆಸಿಬಿಡಬೇಕು. ಮರುದಿನ ಏನು ಮಾಡಿದರೂ ಆ ಮಬ್ಬು ಸುಲಭಕ್ಕೆ ಹೋಗದು. ಗೋಡೆ-ಗೋಡೆ, ಗೋಡೆ-ನೆಲ ಸೇರುವ ಮೂಲೆಗೆ ಗ್ರೌಟ್ ಬದಲು ಸಿಲಿಕೋನ್.

ಹಳೆಯ ಮನೆಗಳಲ್ಲಿ ಇನ್ನೆರಡು ವಿಷಯ. ಮಣ್ಣಿನ ಗೋಡೆಯ ಮೇಲೆ ನೇರ ಟೈಲ್ ನಿಲ್ಲುವುದಿಲ್ಲ, ಒಳಗಡೆ 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಎಬ್ಬಿಸಿ ಅದರ ಮೇಲೆ ಹಾಕಿಸಿ, ಬಚ್ಚಲು ಅಷ್ಟು ಕಿರಿದಾಗುವುದನ್ನು ಅಳತೆಯಲ್ಲಿ ಮೊದಲೇ ಹಿಡಿಯಿರಿ. ಹೊರಗಿನಿಂದ ಸೌದೆ ಉರಿಸುವ ಹಂಡೆ ಒಲೆ ಇದ್ದರೆ ಅದಕ್ಕೆ ತಾಗಿದ ಗೋಡೆ ದಿನವೂ ಕಾಯುತ್ತದೆ, ಆರುತ್ತದೆ, ಅಲ್ಲಿ ಟೈಲ್ ಬಿರುಕು ಬಿಟ್ಟು ಕಳಚುತ್ತದೆ. ಒಲೆಯ ಸುತ್ತ ಒಂದೂವರೆ ಅಡಿ ಟೈಲ್ ಬಿಟ್ಟು, ಅಷ್ಟಕ್ಕೆ ಗಾರೆಯನ್ನೇ ಉಳಿಸಿ.

ಉಳಿದ ಒಂದು ಬಾಕ್ಸ್ ಮೇಲೆ ಯಾವ ಬಚ್ಚಲಿನದ್ದು ಎಂದು ಬರೆದು ಒಣ ಜಾಗದಲ್ಲಿ ನಿಲ್ಲಿಸಿಡಿ. ಪೈಪ್‌ಗಳು ಎಲ್ಲೆಲ್ಲಿ ಹೋಗಿವೆ ಎಂದು ಟೈಲ್ ಹಾಕುವ ಮೊದಲು ಟೇಪ್ ಹಿಡಿದು ತೆಗೆದ ಫೋಟೋವನ್ನು ಪ್ರಿಂಟ್ ಹಾಕಿಸಿ ಅದರ ಒಳಗೇ ಇಡಿ.