ಪಾತ್ರೆ ತೊಳೆದ ನೀರಿಗೆ ಕಾಬಾಳೆ ಮಡಿ

ಗೋವಾದ ಫೋಂಡಾ ಸುತ್ತಮುತ್ತ ಸ್ವಂತ ಅಂಗಳವಿರುವ ನಮ್ಮ ಕನ್ನಡ ಬಂಧುಗಳಿಗೊಂದು ಸಲಹೆ. ಅಡುಗೆಮನೆ, ಬಚ್ಚಲಿನ ನೀರನ್ನು ದಯವಿಟ್ಟು ಚರಂಡಿಗೆ ಬಿಡಬೇಡಿ, ಹೀಗೆ ಶುದ್ಧಮಾಡಿ ಮರಗಿಡಗಳಿಗೆ ಬಳಸಿ. ಮೊದಲು ಜಿಡ್ಡು ತಡೆಯುವ ಸಣ್ಣ ತೊಟ್ಟಿ, ನಂತರ ನೀರು ಇಂಗದಂತೆ ತಳ ಕಟ್ಟಿದ, ಸುಮಾರು 60 ಸೆಂಟಿಮೀಟರ್ ಆಳದ ಜಲ್ಲಿಯ ಮಡಿ, ಅದರಲ್ಲಿ ಕಾಬಾಳೆ (ಕ್ಯಾನಾ ಹೂಗಿಡ). ಕೊಳೆಯನ್ನು ಹೆಚ್ಚಾಗಿ ತಿನ್ನುವುದು ಗಿಡವಲ್ಲ, ಜಲ್ಲಿಗೂ ಬೇರಿಗೂ ಅಂಟಿದ ಸೂಕ್ಷ್ಮಜೀವಿಗಳು. ನೆಲ ಇಳಿಜಾರಿದ್ದರೆ ಪಂಪು, ವಿದ್ಯುತ್ತು ಯಾವುದೂ ಬೇಕಿಲ್ಲ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗಿರಲೇಬೇಕು, ಇಲ್ಲವಾದರೆ ಸೊಳ್ಳೆ. ಜಿಡ್ಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿದು ಸ್ವಚ್ಛಮಾಡಿ. ಒಂದು ಮಳೆಗಾಲ ನಾನು ಉದಾಸೀನ ಮಾಡಿದ್ದಕ್ಕೆ ಇಡೀ ಜಲ್ಲಿಯನ್ನು ತೆಗೆದು ತೊಳೆಯಬೇಕಾಯಿತು. ಹೊರಬಂದ ನೀರು ತೆಂಗು, ಬಾಳೆಗೆ ಸರಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಶೌಚದ ನೀರನ್ನಂತೂ ಇದಕ್ಕೆ ಸೇರಿಸಲೇಬೇಡಿ.